ಬೆಳ್ಳಿಯೋ, ಬೆಳ್ಳಿ ನೀರೋ, ಕಟ್ ಗ್ಲಾಸೋ? ಹಳೆಯ ಊಟದ ಸಾಮಾನು ಕೊಳ್ಳುವವರಿಗೆ

ಇಂಗ್ಲೆಂಡಿನ ಯಾವ ಊರಿನ ಆಂಟಿಕ್ ಸಂತೆಗೆ ಹೋದರೂ ಒಂದು ದೃಶ್ಯ ತಪ್ಪುವುದಿಲ್ಲ. ಒಂದೇ ಮೇಜು, ಮೂರು ಸಾಮಾನು, ಮೂರಕ್ಕೂ ಹೆಚ್ಚೂಕಡಿಮೆ ಒಂದೇ ಬೆಲೆ. ಮೊದಲನೆಯದು ಅಂಗೈಯಲ್ಲಿ ಅಡಗುವ ಬೆಳ್ಳಿಯ ಕ್ರೀಮ್ ಜಗ್. ಎರಡನೆಯದು ಟ್ರೇ ಸಮೇತ ಫಳಫಳ ಹೊಳೆಯುವ ಟೀ ಸೆಟ್. ಮೂರನೆಯದು ಒಂದೇ ಕೈಯಲ್ಲಿ ಎತ್ತಲು ಯೋಚಿಸಬೇಕಾದ ಕಟ್ ಗ್ಲಾಸ್, ಅಂದರೆ ಸಾಣೆ ಹಿಡಿದು ಚಿತ್ತಾರ ಕೊರೆದ ಗಾಜಿನ ಬೋಗುಣಿ. ನಮ್ಮವರು ಹೆಚ್ಚಾಗಿ ಟೀ ಸೆಟ್ಟಿಗೇ ಕೈ ಹಾಕುತ್ತಾರೆ. ಅಷ್ಟು ದುಡ್ಡಿಗೆ ಅಷ್ಟೊಂದು ಬೆಳ್ಳಿ ಸಿಕ್ಕಿತಲ್ಲ ಅನ್ನುವ ಖುಷಿ. ಆದರೆ ಅದು ಬೆಳ್ಳಿಯಲ್ಲ, ಬೆಳ್ಳಿ ನೀರು ಕುಡಿಸಿದ ಬೇರೆ ಲೋಹ. ಹಾಗಂತ ಕೊಂಡದ್ದು ದಂಡ ಅಂತಲೂ ಅಲ್ಲ. ಯಾವುದಕ್ಕೆ ಕೊಂಡಿರಿ ಅನ್ನುವುದರ ಮೇಲೆ ಹೋಗುತ್ತದೆ.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ: ಚಿಕ್ಕದನ್ನು ಅಸಲಿ ಬೆಳ್ಳಿಯಲ್ಲಿ ಕೊಳ್ಳಿ, ದೊಡ್ಡದನ್ನು ಬೆಳ್ಳಿ ಲೇಪದಲ್ಲಿ ಕೊಳ್ಳಿ, ಗಾಜನ್ನು ಒಂದು ಚಕ್ಕೆಯೂ ಎದ್ದಿರದಿದ್ದರೆ ಮಾತ್ರ ಕೊಳ್ಳಿ. ಕಾರಣ ಸರಳ. ಬೆಳ್ಳಿ ನೆಗ್ಗಿದರೆ ತಟ್ಟಿ ಸರಿಮಾಡಬಹುದು, ಬೆಸುಗೆ ಬಿಟ್ಟರೆ ಮತ್ತೆ ಬೆಸೆಯಬಹುದು, ಏನೂ ಆಗದಿದ್ದರೆ ತೂಕಕ್ಕಾದರೂ ಹೋಗುತ್ತದೆ. ಲೇಪದ ಸಾಮಾನಿಗೆ ತೂಕದ ಬೆಲೆ ಇಲ್ಲ, ಆದರೆ ನೋಟಕ್ಕೆ ಮೋಸವಿಲ್ಲ. ಗಾಜಿಗೆ ಎರಡನೇ ಅವಕಾಶವೇ ಇಲ್ಲ.

ಉದಾಹರಣೆಗೆ ಬರ್ಮಿಂಗ್‌ಹ್ಯಾಮನ್ನೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಮೇಲಿನ ಮೂರೂ ಅದೊಂದೇ ಊರಿನಿಂದ ಬಂದಿರಬಹುದು. ಅಲ್ಲಿನ ಬೆಳ್ಳಿ ಪರೀಕ್ಷಾ ಕಚೇರಿ ಶುರುವಾದದ್ದು 1773ರಲ್ಲಿ. ಅದಕ್ಕೆ ಮುಂಚೆ ಮ್ಯಾಥ್ಯೂ ಬೋಲ್ಟನ್ ತನ್ನ ಕಾರ್ಖಾನೆಯ ಬೆಳ್ಳಿಯನ್ನು ಮುದ್ರೆ ಹಾಕಿಸಲು ಗಾಡಿಯಲ್ಲಿ ಚೆಸ್ಟರ್‌ವರೆಗೆ ಕಳಿಸಬೇಕಿತ್ತು; ದಾರಿಯಲ್ಲಿ ಪೆಟ್ಟು ತಿಂದು ವಾಪಸು ಬರುತ್ತಿತ್ತು. ನಮ್ಮೂರಿಗೇ ಕಚೇರಿ ಕೊಡಿ ಎಂದು ಸಂಸತ್ತಿನವರೆಗೂ ಹೋಗಿ ಗೆದ್ದ. ಸಮುದ್ರವೇ ಇಲ್ಲದ ಊರಿಗೆ ಲಂಗರಿನ ಗುರುತು ಸಿಕ್ಕಿದ್ದು, ಸಭೆ ನಡೆದ ಲಂಡನ್ನಿನ ಕ್ರೌನ್ ಅಂಡ್ ಆಂಕರ್ ಎಂಬ ಪಾನಗೃಹದ ಹೆಸರಿನಿಂದ ಅಂತ ಹೇಳುತ್ತಾರೆ. ಕಿರೀಟ ಅದೇ ಸಲ ಕಚೇರಿ ಪಡೆದ ಶೆಫೀಲ್ಡ್ ಊರಿಗೆ ಹೋಯಿತು, ಲಂಗರು ಇವರಿಗೆ ಉಳಿಯಿತು. ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ಪೇಟೆಂಟನ್ನು 1840ರಲ್ಲಿ ಪಡೆದ ಎಲ್ಕಿಂಗ್ಟನ್ ಕಂಪನಿಯೂ ಇದೇ ಊರಿನದು. 1807ರಲ್ಲಿ ಆರಂಭವಾದ ಆಸ್ಲರ್ ಗಾಜಿನ ಕಂಪನಿಯೂ ಇಲ್ಲಿಯದೇ. 1851ರ ಲಂಡನ್ ಮಹಾ ಪ್ರದರ್ಶನದ ನಡುಮನೆಯಲ್ಲಿ 27 ಅಡಿ ಎತ್ತರದ, ನಾಲ್ಕು ಟನ್ ಗಾಜಿನ ಕಾರಂಜಿ ನಿಲ್ಲಿಸಿದವರು ಅವರೇ.

ಈ ಆಸ್ಲರ್ ಹೆಸರು ನಮ್ಮ ಕಡೆಗೂ ಪರಿಚಯ. 1840ರ ದಶಕದಲ್ಲೇ ಕಲ್ಕತ್ತೆಯಲ್ಲಿ ಮಳಿಗೆ ತೆರೆದು ರಾಜಮಹಾರಾಜರಿಗೆ ದೀಪಗುಚ್ಛ ಮಾರಿದವರು. ಉದಯಪುರದ ಮಹಾರಾಣಾ ಸಜ್ಜನ್ ಸಿಂಗ್ 1877ರಲ್ಲಿ ಇವರಿಗೆ ಮೇಜು, ಕುರ್ಚಿ, ಊಟದ ಪಾತ್ರೆ, ಕೊನೆಗೆ ಮಂಚ ಕೂಡ ಗಾಜಿನಲ್ಲೇ ಮಾಡಿಕೊಡಲು ಹೇಳಿದ. ಸಾಮಾನು ಬರುವಷ್ಟರಲ್ಲಿ ಆತ ತೀರಿಹೋಗಿದ್ದ. ಪೆಟ್ಟಿಗೆಗಳು ಬಹುಕಾಲ ಬಿಚ್ಚದೆ ಬಿದ್ದಿದ್ದವು. ಈಗ ಅವು ಫತೇಹ್ ಪ್ರಕಾಶ್ ಅರಮನೆಯಲ್ಲಿ ನೋಡಲು ಸಿಗುತ್ತವೆ. ಕಟ್ ಗ್ಲಾಸ್ ಅಂದರೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಅದೊಂದು ನೋಡಿದರೆ ಸಾಕು.

ಬೆಳ್ಳಿ: ಮುದ್ರೆ ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು

ಹಳೆಯ ಸಾಮಾನುಗಳಲ್ಲಿ ಇಂಗ್ಲಿಷ್ ಬೆಳ್ಳಿಯಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಯಾವ ಊರು, ಯಾವ ವರ್ಷ, ಮಾಡಿಸಿದವರು ಯಾರು, ಎಷ್ಟು ಶುದ್ಧ ಎಂಬುದೆಲ್ಲ ಅದರ ಬೆನ್ನ ಮೇಲೇ ಬರೆದಿರುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಒಂದು ಜೇಬಿನಲ್ಲಿರಲಿ.

ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಚಿರತೆ ಮುಖ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಕಿರೀಟ ಶೆಫೀಲ್ಡ್ (1975ರಿಂದ ಅವರದು ಗುಲಾಬಿ), ಕೋಟೆ ಎಡಿನ್‌ಬರೊ. ಪಕ್ಕದ ಒಂಟಿ ಅಕ್ಷರ ವರ್ಷದ್ದು. ಇಲ್ಲಿ ಅಕ್ಷರ ಮಾತ್ರ ನೋಡಿದರೆ ಸಾಲದು, ಅದರ ಶೈಲಿ ಮತ್ತು ಸುತ್ತಲಿನ ಚೌಕಟ್ಟಿನ ಆಕಾರ ಎರಡೂ ಸೇರಿದರೇನೇ ವರ್ಷ ಗೊತ್ತಾಗುವುದು. ಅದೇ ಅಕ್ಷರ ಇಪ್ಪತ್ತು ಚಿಲ್ಲರೆ ವರ್ಷಕ್ಕೊಮ್ಮೆ ಬೇರೆ ವೇಷದಲ್ಲಿ ತಿರುಗಿ ಬರುತ್ತದೆ. ಜೊತೆಗೆ ರಾಜನದೋ ರಾಣಿಯದೋ ತಲೆ ಇದ್ದರೆ ಸುಂಕ ಕಟ್ಟಿದ ಗುರುತು. ಆ ಸುಂಕ ಇದ್ದದ್ದು 1784ರಿಂದ 1890ರವರೆಗೆ. ಹಾಗಾಗಿ ಪುಸ್ತಕ ತೆರೆಯದೆಯೇ, ತಲೆ ಕಂಡರೆ ಸಾಮಾನ್ಯವಾಗಿ 1890ಕ್ಕಿಂತ ಈಚಿನದಲ್ಲ ಅಂತ ಹೇಳಿಬಿಡಬಹುದು (1935, 1953, 1977ರಂಥ ರಾಜೋತ್ಸವದ ವರ್ಷಗಳ ವಿಶೇಷ ಮುದ್ರೆ ಬಿಟ್ಟು). ಚಮಚದಲ್ಲಿ ಇನ್ನೊಂದು ಸುಳಿವಿದೆ: ಮುದ್ರೆಗಳು ಹಿಡಿಯ ಬುಡದಲ್ಲಿ, ಗುಂಡಿಯ (ಆಹಾರ ತುಂಬುವ ಕುಳಿಯ) ಹತ್ತಿರ ಇದ್ದರೆ ಅದು ಸುಮಾರು 1780ಕ್ಕಿಂತ ಹಿಂದಿನದು. ಆಮೇಲಿನವರು ಹಿಡಿಯ ತುದಿಗೆ ಒತ್ತಿದರು.

ಸಿಂಹ, ಲಂಗರು ಎರಡೂ ಇದ್ದ ಮಾತ್ರಕ್ಕೆ ಬರ್ಮಿಂಗ್‌ಹ್ಯಾಮ್ ಅಂದುಕೊಳ್ಳಬೇಡಿ. ಅಮೆರಿಕದ ಗೋರಮ್ ಕಂಪನಿಯ ಗುರುತು ಸಿಂಹ, ಲಂಗರು ಮತ್ತು ಜಿ ಅಕ್ಷರ. ಅವರ ಸಿಂಹ ಬಲಕ್ಕೆ ಮುಖ ಮಾಡಿ ನಡೆಯುತ್ತದೆ, ಇಂಗ್ಲೆಂಡಿನದು ಎಡಕ್ಕೆ. ಗೋರಮ್ ಕೆಟ್ಟ ಮಾಲೇನಲ್ಲ, ಚೆನ್ನಾದದ್ದೇ. ಆದರೆ ಇಂಗ್ಲಿಷ್ ಅಂತ ಹೇಳಿ ಮಾರುವವನ ಮಿಕ್ಕ ಮಾತುಗಳನ್ನೂ ತೂಗಿ ನೋಡಬೇಕಾಗುತ್ತದೆ. ಯುರೋಪಿನ ಸಾಮಾನಿನಲ್ಲಿ ಅಂಕಿಯೇ ಇರುತ್ತದೆ. ಜರ್ಮನಿಯದು ಬಹಳಷ್ಟು 800, ಪಕ್ಕದಲ್ಲಿ ಅರ್ಧಚಂದ್ರ ಮತ್ತು ಕಿರೀಟ. ಫ್ರಾನ್ಸಿನದು 1838ರಿಂದೀಚೆಗೆ ಮಿನರ್ವಾ ದೇವತೆಯ ತಲೆ, ಅದರಲ್ಲಿ ಮೊದಲ ದರ್ಜೆ 950, ಸ್ಟರ್ಲಿಂಗಿಗಿಂತ ಶುದ್ಧ.

ಮುದ್ರೆ ಅಸಲಿಯಾದರೂ ಸಾಮಾನು ಅಸಲು ರೂಪದಲ್ಲಿ ಉಳಿದಿಲ್ಲದಿರಬಹುದು. ಸರಳವಾದ ಜಾರ್ಜಿಯನ್ (ಅದಕ್ಕೆ ಹಿಂದಿನ ಜಾರ್ಜ್ ರಾಜರ ಕಾಲದ) ಚಮಚಗಳನ್ನು ತಂದು, ವಿಕ್ಟೋರಿಯಾ ಕಾಲದಲ್ಲಿ ಅವುಗಳ ಗುಂಡಿಯ ಮೇಲೆ ಹಣ್ಣು, ಬಳ್ಳಿ ಕೆತ್ತಿ, ಚಿನ್ನದ ನೀರು ಕುಡಿಸಿ 'ಬೆರ್ರಿ ಸ್ಪೂನ್' ಅಂತ ಮಾರಿದರು. ನೋಡಲು ಚೆನ್ನ, ಮದುವೆ ಉಡುಗೊರೆಗೆ ನಡೆಯುತ್ತದೆ. ಆದರೆ 1790ರ ಚಮಚದ ಬೆಲೆ ಕೊಡಬಾರದು. ತಟ್ಟೆ, ಸಾಲ್ವರ್‌ಗಳಲ್ಲಿ (ಲೋಟ ಇಟ್ಟು ಕೊಡುವ ಹರಿವಾಣ) ಹಳೆಯ ಮನೆತನದ ಲಾಂಛನ ಉಜ್ಜಿ ತೆಗೆದಿದ್ದರೆ ಮಧ್ಯಭಾಗ ತೆಳುವಾಗಿರುತ್ತದೆ: ಎರಡೂ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಡಬ್ಬಿ ಮುಚ್ಚಳದ ಹಾಗೆ ಟಕ್ಕೆಂದು ಒಳಸರಿಯುತ್ತದೆ. ಊಟದ ಚಮಚವನ್ನು ಎದುರಿಗೆ ಹಿಡಿದು ನೋಡಿ. ಬಲಗೈಯವರು ತಲೆಮಾರುಗಟ್ಟಲೆ ತಟ್ಟೆ ಕೆರೆದು ಗುಂಡಿಯ ಎಡತುದಿ ಸವೆದು ಓರೆಯಾಗಿರುತ್ತದೆ. ಫೋರ್ಕಿನ ಹಲ್ಲು ಗಿಡ್ಡವಾಗಿದ್ದರೆ ಬಿಟ್ಟುಬಿಡಿ.

ತೂಕದ ವಿಷಯ. ಬೆಳ್ಳಿಯನ್ನು ಇಲ್ಲಿ ಟ್ರಾಯ್ ಔನ್ಸಿನಲ್ಲಿ ತೂಗುತ್ತಾರೆ, ಒಂದಕ್ಕೆ 31.1 ಗ್ರಾಂ. ಕ್ಯಾಂಡಲ್ ಸ್ಟ್ಯಾಂಡು ಮತ್ತು ಚಾಕುವಿನ ಹಿಡಿಗಳನ್ನು ತೂಕದ ಲೆಕ್ಕಕ್ಕೆ ಸೇರಿಸಬೇಡಿ. ಅವುಗಳೊಳಗೆ ರಾಳ, ಡಾಂಬರು, ಗಾರೆ ತುಂಬಿರುತ್ತದೆ. ಬೆಳ್ಳಿ ಎನ್ನುವುದು ಮೇಲಿನ ತಗಡು ಮಾತ್ರ. ಬಿಸಿನೀರಿನಲ್ಲಿ ನೆನೆಹಾಕಿದರೆ ಒಳಗಿನದು ಉಬ್ಬಿ ಬೆಸುಗೆ ಬಾಯಿಬಿಡುತ್ತದೆ. ಚಾಕುವಿನ ಅಲಗು ಸ್ಟೇನ್‌ಲೆಸ್ ಸ್ಟೀಲಾಗಿದ್ದರೆ ಅದು 1913ರ ಈಚಿನದು, ಏಕೆಂದರೆ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಆ ಉಕ್ಕು ಮಾಡಿದ್ದೇ ಆ ವರ್ಷ. ಹಿಡಿ ಹಳತು, ಅಲಗು ಹೊಸತು. ಬಳಸುವವರಿಗೆ ಅದೇ ಒಳ್ಳೆಯದು. ಹಳೆಯ ಉಕ್ಕು ತುಕ್ಕು ಹಿಡಿಯುತ್ತದೆ, ನಿಂಬೆಹಣ್ಣು ಕೊಯ್ದರೆ ಕರ್ರಗಾಗುತ್ತದೆ. ಹಣ್ಣಿನ ಚಾಕುಗಳಿಗೆ ಅಲಗನ್ನೂ ಬೆಳ್ಳಿಯಲ್ಲೇ ಮಾಡಿದ್ದು ಅದಕ್ಕೇ. ಅಂಥದ್ದೊಂದು ಸಿಕ್ಕರೆ ಮಾವಿನಹಣ್ಣಿನ ಕಾಲಕ್ಕೆ ಒಳ್ಳೆಯ ಜೊತೆ.

ಬೆಳ್ಳಿ ದರ ಏರಿದಾಗಲೆಲ್ಲ ಹಳೆಯ ಸಾಮಾನಿಗೆ ಗಂಡಾಂತರ. 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಎಷ್ಟೋ ಟೀಪಾಟು, ತಟ್ಟೆ ಕುಲುಮೆಗೆ ಬಿದ್ದವು. 2025ರಲ್ಲಿ ಆ ಮಟ್ಟ ದಾಟಿದ ಮೇಲೆ ಮತ್ತೆ ಅದೇ ಕತೆ. ಕೊಳ್ಳುವವರಿಗೆ ಇದರಿಂದ ತಿಳಿಯಬೇಕಾದದ್ದು ಒಂದೇ: ಸಾಧಾರಣ ಸಾಮಾನಿನ ಬೆಲೆಯಲ್ಲಿ ದೊಡ್ಡ ಪಾಲು ಲೋಹದ್ದು, ಆ ಪಾಲು ದಿನಾ ಏರಿಳಿಯುತ್ತದೆ. ಅರ್ಧ ಕಿಲೋ ಮೀರುವ ಸ್ಟರ್ಲಿಂಗ್ ಟೀಪಾಟಿಗೆ ಹಾಕುವ ದುಡ್ಡಿನಲ್ಲಿ ಒಳ್ಳೆಯ ಕೆಲಸಗಾರ ಮಾಡಿದ ಸಣ್ಣ ಸಾಮಾನು ನಾಲ್ಕೈದು ಬರುತ್ತವೆ: ಸಕ್ಕರೆ ಚಿಮಟ, ಸಾಸ್ ಸೌಟು, ಉಪ್ಪಿನ ಚಮಚ, ಕ್ರೀಮ್ ಜಗ್. ಇವುಗಳಲ್ಲಿ ಕೈಕೆಲಸ ಹೆಚ್ಚು, ಲೋಹ ಕಡಿಮೆ. ನಾನು ಬೆಳ್ಳಿಯನ್ನು ಚಿಕ್ಕದರಲ್ಲೇ ಕೊಳ್ಳಿ ಅನ್ನುವುದು ಇದೇ ಕಾರಣಕ್ಕೆ.

ಲೇಪದಲ್ಲೂ ಎರಡು ಜಾತಿ

ಮೊದಲ ಜಾತಿ ಓಲ್ಡ್ ಶೆಫೀಲ್ಡ್ ಪ್ಲೇಟ್. 1740ರ ದಶಕದ ಆರಂಭದಲ್ಲಿ ತಾಮಸ್ ಬೋಲ್ಸೋವರ್ ತಾಮ್ರದ ಗಟ್ಟಿಯ ಮೇಲೆ ಬೆಳ್ಳಿ ಹಾಳೆ ಇಟ್ಟು ಕಾಯಿಸಿದರೆ ಎರಡೂ ಬೆಸೆದುಕೊಂಡು ಒಂದೇ ತಗಡಾಗಿ ಉರುಳುತ್ತವೆ ಅನ್ನುವುದನ್ನು ಕಂಡುಕೊಂಡ. ಆರಂಭದ ಪಾತ್ರೆಗಳಿಗೆ ಬೆಳ್ಳಿ ಹೊರಬದಿಗೆ ಮಾತ್ರ. ಒಳಗೆ ನಮ್ಮ ಅಜ್ಜಿಯರ ತಾಮ್ರದ ಪಾತ್ರೆಗೆ ಮಾಡಿಸುತ್ತಿದ್ದಂಥದ್ದೇ ಕಲಾಯಿ. ಆಮೇಲೆ ಎರಡೂ ಬದಿಗೆ ಬೆಳ್ಳಿ ಬಂತು. ತಗಡು ಕತ್ತರಿಸಿದ ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಾಣಬಾರದೆಂದು ಬೆಳ್ಳಿ ತಂತಿ ಸುತ್ತಿ ಮಡಚುತ್ತಿದ್ದರು. ತಟ್ಟೆಯನ್ನು ಮಗುಚಿ ಅಂಚಿನ ಕೆಳಗೆ ಉಗುರು ಹಾಯಿಸಿ. ಆ ಮಡಿಕೆ ಉಗುರಿಗೆ ತಡೆಯುತ್ತದೆ. ಇನ್ನೊಂದು ಪರೀಕ್ಷೆ ನನಗೆ ಬಲು ಇಷ್ಟ. ಲಾಂಛನ ಕೆತ್ತಬೇಕಾದ ಕಡೆ ಉಳಿ ತಾಮ್ರಕ್ಕೆ ತಗಲುತ್ತದೆಂದು ಅಲ್ಲಿ ಶುದ್ಧ ಬೆಳ್ಳಿಯ ತುಂಡು ಕೂರಿಸುತ್ತಿದ್ದರು. ಬರಿಗಣ್ಣಿಗೆ ಕಾಣಿಸುವುದಿಲ್ಲ. ತಟ್ಟೆಯ ಮಧ್ಯಕ್ಕೆ ಬಾಯಿಂದ ಹಾ ಎಂದು ಬಿಸಿಯುಸಿರು ಬಿಡಿ: ಮಂಜು ಕಟ್ಟಿ ಆರುವಾಗ ಒಂದು ಕ್ಷಣ ಆ ತುಂಡಿನ ಚೌಕವೋ ಗುರಾಣಿಯಾಕಾರವೋ ಎದ್ದು ಕಂಡು ಮಾಯವಾಗುತ್ತದೆ.

ಎರಡನೆಯದು ವಿದ್ಯುತ್ ಲೇಪ. ಎಲ್ಕಿಂಗ್ಟನ್ ಪೇಟೆಂಟ್ ಬಂದ ಮೇಲೆ ಹತ್ತು ಹದಿನೈದು ವರ್ಷದಲ್ಲೇ ಮೊದಲಿನ ಪದ್ಧತಿ ಮೂಲೆಗೆ ಸೇರಿತು. ಕೆಳಗೆ ಇಪಿಎನ್‌ಎಸ್ ಎಂದು ಇರುತ್ತದೆ: ನಿಕ್ಕಲ್ ಸಿಲ್ವರ್ ಮೇಲೆ ಬೆಳ್ಳಿ ಲೇಪ. ಹೆಸರಿಗೆ ಮಾತ್ರ ಸಿಲ್ವರ್, ಇರುವುದು ತಾಮ್ರ, ಸತು, ನಿಕ್ಕಲ್. ಚಿಕ್ಕಪೇಟೆಯಲ್ಲಿ ಅರಿಶಿನ ಕುಂಕುಮದ ತಟ್ಟೆಗೆ ಹೇಳುವ ಜರ್ಮನ್ ಸಿಲ್ವರ್ ಇದೇ ಲೋಹದ ಹೆಸರು. ಕೆಲವರು ಇ, ಪಿ, ಎನ್, ಎಸ್ ಅಕ್ಷರಗಳನ್ನು ಗಾಥಿಕ್ ಲಿಪಿಯಲ್ಲಿ, ನಾಲ್ಕು ಪುಟ್ಟ ಗುರಾಣಿಯೊಳಗೆ ಬೇಕೆಂದೇ ಹಾಲ್‌ಮಾರ್ಕಿನಂತೆ ಒತ್ತಿದ್ದಾರೆ. ಹಳೆಯ ಇಂಗ್ಲಿಷ್ ಸಾಮಾನಿನಲ್ಲಿ ಸಿಂಹ ಇಲ್ಲದಿದ್ದರೆ ಸಾಮಾನ್ಯವಾಗಿ ಸ್ಟರ್ಲಿಂಗ್ ಅಲ್ಲ, ಅಷ್ಟು ನೆನಪಿರಲಿ. ಇಪಿಬಿಎಂ ಎಂದಿದ್ದರೆ ಒಳಗಿರುವುದು ತವರ ಮತ್ತು ಆಂಟಿಮನಿಯ ಮೆದು ಮಿಶ್ರಣ. ಬೇಗ ನೆಗ್ಗುತ್ತದೆ, ಬೆಸುಗೆ ಹಾಕಲು ಹೋದರೆ ಕರಗಿಯೇ ಹೋಗುತ್ತದೆ, ಯಾವ ರಿಪೇರಿಯವನೂ ಕೈ ಹಚ್ಚುವುದಿಲ್ಲ. ಎಷ್ಟೇ ಅಗ್ಗವಾದರೂ ಬೇಡ.

ಬರಿ 'ಶೆಫೀಲ್ಡ್' ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರೆ ಅದು ಓಲ್ಡ್ ಶೆಫೀಲ್ಡ್ ಪ್ಲೇಟ್ ಅಂತ ಅರ್ಥವಲ್ಲ. ಆ ಊರಿನಲ್ಲಿ ಮಾಡಿದ ವಿದ್ಯುತ್ ಲೇಪದ ಸಾಮಾನು ಗಾಡಿಗಟ್ಟಲೆ ಇದೆ. ಎರಡರಲ್ಲಿ ಯಾವುದು ಅಂದರೆ, ಸಂಗ್ರಹಕ್ಕೆ ಮೊದಲನೆಯದು, ಬಳಕೆಗೆ ಎರಡನೆಯದು. ಓಲ್ಡ್ ಶೆಫೀಲ್ಡಿನಲ್ಲಿ ಅಲ್ಲಲ್ಲಿ ತಾಮ್ರ ಇಣುಕುವುದು ಸಹಜ, ಅದೇ ಅದರ ವಯಸ್ಸು. ಮತ್ತೆ ಬೆಳ್ಳಿ ಕುಡಿಸಿದರೆ ಸಂಗ್ರಹಕಾರರ ಲೆಕ್ಕದಲ್ಲಿ ಅದು ಸತ್ತಂತೆ. ಇಪಿಎನ್‌ಎಸ್‌ಗೆ ಆ ಮಡಿ ಇಲ್ಲ, ಸವೆದರೆ ಮತ್ತೆ ಲೇಪ ಹಾಕಿಸಬಹುದು. ಹಾಗಾಗಿ ದೊಡ್ಡ ಟ್ರೇ, ಮುಚ್ಚಳವಿರುವ ಬಡಿಸುವ ಪಾತ್ರೆ, ಕಾಫಿ ಪಾಟು, ಕೇಕ್ ಬುಟ್ಟಿ ಇವೆಲ್ಲ ಇಪಿಎನ್‌ಎಸ್‌ನಲ್ಲೇ ಇರಲಿ. ಕೊಡಗು, ಚಿಕ್ಕಮಗಳೂರಿನ ಹಳೆಯ ಎಸ್ಟೇಟ್ ಬಂಗಲೆಗಳಿಂದ ಬಂದು ಶಿವಾಜಿನಗರದ ಗುಜರಿಯವರೆಗೂ ತಲುಪುವ 'ಇಂಗ್ಲಿಷ್ ಬೆಳ್ಳಿ'ಯಲ್ಲಿ ಬಹುಪಾಲು ಇದೇ ಇರುತ್ತದೆ. ಹಿಡಿಯ ಬುಡ, ಕಾಲು, ಮೂತಿ ಈ ಮೂರು ಕಡೆ ಹಳದಿ ಛಾಯೆ ಇಣುಕುತ್ತಿದೆಯೇ ನೋಡಿ ಬೆಲೆ ಮಾತಾಡಿ.

ಕಟ್ ಗ್ಲಾಸ್: ಬೆರಳೇ ಮಸೂರ

ಗಾಜಿಗೆ ಹಾಲ್‌ಮಾರ್ಕ್ ಇಲ್ಲ. ಇಪ್ಪತ್ತನೇ ಶತಮಾನಕ್ಕೆ ಮುಂಚಿನ ಇಂಗ್ಲಿಷ್, ಐರಿಷ್ ಗಾಜಿನಲ್ಲಿ ಹೆಸರು ಸಿಗುವುದೇ ಅಪರೂಪ. ಬೆಳ್ಳಿಯಲ್ಲಿ ಓದುವವನು ಗೆಲ್ಲುತ್ತಾನೆ, ಗಾಜಿನಲ್ಲಿ ಮುಟ್ಟುವವನು.

1670ರ ದಶಕದಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಗಾಜಿಗೆ ಸೀಸದ ಆಕ್ಸೈಡ್ ಸೇರಿಸಿದ. ಗಾಜು ಭಾರವಾಯಿತು, ಸಾಣೆಗೆ ಮೆದುವಾಯಿತು, ಬೆಳಕನ್ನು ಹೆಚ್ಚು ಬಾಗಿಸತೊಡಗಿತು. ಕಟ್ ಗ್ಲಾಸ್ ಅಂದರೆ ಇಂಥ ದಪ್ಪ ಗಾಜನ್ನು ಮೊದಲು ಮರಳು ನೀರು ಸುರಿಯುವ ಕಬ್ಬಿಣದ ಚಕ್ರಕ್ಕೆ, ಆಮೇಲೆ ಕಲ್ಲಿನ ಚಕ್ರಕ್ಕೆ, ಕೊನೆಗೆ ಮರದ ಚಕ್ರಕ್ಕೆ ಒಡ್ಡಿ ಸಾಣೆ ಹಿಡಿದದ್ದು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಮರದ ಚಕ್ರದ ಬದಲು ಆಮ್ಲದಲ್ಲಿ ಮುಳುಗಿಸಿ ಹೊಳಪು ಕೊಡುವುದು ಬಂತು. ಕೆಲಸ ಬೇಗ ಆಯಿತು, ಅಂಚಿನ ಮೊನೆ ಒಂದಿಷ್ಟು ಮಾಸಿತು. ಅಚ್ಚಿನಲ್ಲಿ ಒತ್ತಿದ ಗಾಜು ಇದರ ಬಡ ತಮ್ಮ. ದೂರದಿಂದ ಎರಡೂ ಒಂದೇ.

ಹತ್ತಿರದಿಂದ ಅಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿ. ಸಾಣೆ ಹಿಡಿದ ಅಂಚು ಚರ್ಮಕ್ಕೆ ಚುರುಕ್ಕೆನ್ನುತ್ತದೆ, ಅಚ್ಚಿನದು ಸೋಪಿನಂತೆ ಜಾರುತ್ತದೆ. ಆಮೇಲೆ ಎರಡು ಗೆರೆ ಕೂಡುವ ಜಾಗವನ್ನು ಮಸೂರದಲ್ಲಿ ನೋಡಿ: ಕೈಕೆಲಸವಾದರೆ ಎಲ್ಲೋ ಒಂದು ಕಡೆ ಚಕ್ರ ಕೂದಲೆಳೆಯಷ್ಟು ಮುಂದೆ ಓಡಿರುತ್ತದೆ, ಒಂದು ನಕ್ಷತ್ರದ ಕಾಲು ಇನ್ನೊಂದಕ್ಕಿಂತ ಉದ್ದವಿರುತ್ತದೆ. ಎಲ್ಲವೂ ಪಡಿಯಚ್ಚಾಗಿದ್ದರೆ ಅನುಮಾನ ಪಡಿ. ಅಚ್ಚು ಎರಡು ಹೋಳು ಸೇರಿದ ಗೆರೆ ಹಿಡಿಯ ಪಕ್ಕದಲ್ಲೋ ಕಾಲಿನ ಮೇಲೋ ಅಡಗಿರುತ್ತದೆ. ಲೋಟವನ್ನು ತಟ್ಟಿದಾಗ ಗಂಟೆಯಂತೆ ದನಿ ಎಳೆದರೆ ಸೀಸದ ಗಾಜು ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಬಾಯಿ ಸಣ್ಣದಿರುವ ಡಿಕ್ಯಾಂಟರ್ (ವೈನ್ ತುಂಬಿಡುವ ಮುಚ್ಚಳದ ಗಾಜಿನ ಹೂಜಿ) ಹಾಗೆ ದನಿ ಕೊಡುವುದಿಲ್ಲ, ಅದನ್ನು ತಟ್ಟಿ ನಿರಾಶರಾಗಬೇಡಿ.

ಕಾಲ ತಿಳಿಯಲು ದಪ್ಪವೂ ಒಂದು ಸುಳಿವು. ಬ್ರಿಟನ್ನಿನಲ್ಲಿ 1745ರಿಂದ 1845ರವರೆಗೆ ಗಾಜಿಗೆ ತೂಕದ ಮೇಲೆ ತೆರಿಗೆ ಇತ್ತು, ಅದಕ್ಕೇ ಇಂಗ್ಲೆಂಡಿನವರು ತೆಳುವಾಗಿ ಊದಿ ಮೇಲುಮೇಲಕ್ಕೆ ಕೊರೆದರು. ಐರ್ಲೆಂಡಿಗೆ 1825ರವರೆಗೆ ಆ ಕಾಟ ಇರಲಿಲ್ಲ, ದಪ್ಪ ಗಾಜಿನ ಕೆಲಸ ಅಲ್ಲಿ ಬೆಳೆಯಿತು. ವಾಟರ್‌ಫರ್ಡ್ ಕಾರ್ಖಾನೆ 1783ರಲ್ಲಿ ತೆರೆದದ್ದು ಈ ಹಿನ್ನೆಲೆಯಲ್ಲೇ. ಅದು 1851ರಲ್ಲಿ ಮುಚ್ಚಿತು. ಈಗ ನಾವು ಕೇಳುವ ವಾಟರ್‌ಫರ್ಡ್ 1947ರಲ್ಲಿ ಮತ್ತೆ ಶುರುವಾದದ್ದು. ಆದರೂ ಸಂತೆಯಲ್ಲಿ ಹಳೆಯ ಭಾರದ ಬೋಗುಣಿಯೆಲ್ಲ 'ವಾಟರ್‌ಫರ್ಡ್' ಆಗಿಬಿಡುತ್ತದೆ. ಆ ಹೆಸರಿಗೆ ಹೆಚ್ಚಿನ ದುಡ್ಡು ಕೊಡಬೇಡಿ, ಗಾಜು ಚೆನ್ನಾಗಿದ್ದರೆ ಗಾಜಿಗೆ ಕೊಡಿ. ಅಮೆರಿಕದಲ್ಲಿ 1876ರಿಂದ ಮೊದಲ ಮಹಾಯುದ್ಧದವರೆಗೆ ನಡೆದ 'ಬ್ರಿಲಿಯಂಟ್' ಕಾಲದ ಗಾಜು, ಲಿಬಿ ಮತ್ತು ಹಾಕ್ಸ್ ಕಂಪನಿಗಳದ್ದು, ಇನ್ನೂ ಆಳದ ಕೊರೆತದ್ದು. ಒಂದಂಗುಲವೂ ಖಾಲಿ ಬಿಡದೆ ಕೊರೆದಿರುತ್ತಾರೆ. ಕೆಲಸ ಅಮೋಘ, ಒಪ್ಪುತ್ತೇನೆ. ನನಗೆ ಮಾತ್ರ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ.

ಗಾಜಿನಲ್ಲಿ ಮೋಸ ಎರಡು ಕಡೆ. ಒಂದು, ಚಕ್ಕೆ ಎದ್ದ ಬಾಯಂಚನ್ನು ಸಾಣೆ ಹಿಡಿದು ತಗ್ಗಿಸಿರುತ್ತಾರೆ. ಕೊರೆತದ ಚಿತ್ತಾರ ಅಂಚಿಗೆ ತೀರಾ ಹತ್ತಿರ ಬಂದು ಕತ್ತರಿಸಿದಂತೆ ನಿಂತಿದ್ದರೆ, ಅಥವಾ ಜೋಡಿ ಲೋಟಗಳಲ್ಲಿ ಒಂದು ಗಿಡ್ಡವಿದ್ದರೆ ಅದೇ ಆಗಿದೆ. ಎರಡು, ಡಿಕ್ಯಾಂಟರಿನ ಒಳಗೋಡೆ ಮಂಕಾಗುವುದು. ವರ್ಷಗಟ್ಟಲೆ ತೇವ ನಿಂತು ಗಾಜಿನ ಮೈಯೇ ಕೊರೆದುಹೋಗಿರುತ್ತದೆ. ತೊಳೆದರೆ ಹೋಗುವ ಕೊಳೆಯಲ್ಲ. ಕೆಲವರು ಒಳಗೆ ಎಣ್ಣೆ ಸವರಿ ಅದನ್ನು ಮುಚ್ಚಿ ಮಾರುತ್ತಾರೆ. ಒಳಗೆ ಒಂದು ಥರ ಒದ್ದೆಯೊದ್ದೆ ಹೊಳಪು ಕಂಡರೆ ಟಿಶ್ಯೂ ಕಾಗದ ತುರುಕಿ ಒರೆಸಿ ನೋಡಿ. ಮುಚ್ಚಳ ಅದರದ್ದೇ ಹೌದೋ ಅಲ್ಲವೋ ಅಂತ ನೋಡಲು, ಹಳೆಯ ಡಿಕ್ಯಾಂಟರುಗಳಲ್ಲಿ ಮುಚ್ಚಳದ ಬುಡಕ್ಕೂ ಬಾಯಿಗೂ ಒಂದೇ ಅಂಕಿ ಗೀಚಿರುವುದುಂಟು. ಕೂರಿಸಿದಾಗ ಅಲುಗಬಾರದು.

ಬೆಲೆಯ ಮಾತಿಗೆ ಬಂದರೆ ಮೂರರಲ್ಲಿ ಕೊಳ್ಳುವವರಿಗೆ ಈಗ ಅತಿ ಅಗ್ಗ ಕಟ್ ಗ್ಲಾಸೇ. ಹೊಸ ಪೀಳಿಗೆಗೆ ಅದು ಬೇಡವಾಗಿದೆ, ಡಿಶ್‌ವಾಷರಿಗೆ ಹಾಕುವಂತಿಲ್ಲ ನೋಡಿ. ನೂರು ವರ್ಷದ ಬೋಗುಣಿ ಹೊಸ ಬ್ರ್ಯಾಂಡಿನ ಬೋಗುಣಿಗಿಂತ ಕಡಿಮೆಗೆ ಸಿಗುತ್ತದೆ. ಹಾಗಿದ್ದ ಮೇಲೆ ಚಕ್ಕೆ ಎದ್ದದ್ದನ್ನು ಯಾಕೆ ಕೊಳ್ಳಬೇಕು?

ನಮ್ಮ ಊಟಕ್ಕೆ ಯಾವುದು ಹೊಂದುತ್ತದೆ

ಕೈಯಲ್ಲಿ ಉಣ್ಣುವವರಿಗೆ ಹನ್ನೆರಡು ಜೊತೆ ಫೋರ್ಕು ಚಾಕುವಿನ ಪೆಟ್ಟಿಗೆ ಕೊಳ್ಳುವುದು ಕಪಾಟು ತುಂಬಿಸುವ ಕೆಲಸ. ಬಡಿಸುವ ಸಾಮಾನು ಕೊಳ್ಳಿ. ಬೆಳ್ಳಿಯ ಸಾಸ್ ಸೌಟು ತುಪ್ಪ ಬಡಿಸುವುದಕ್ಕೆಂದೇ ಮಾಡಿದಂತಿದೆ, ಒಂದೆಲೆಗೆ ಎಷ್ಟು ಬೇಕೋ ಅಷ್ಟೇ ಹಿಡಿಯುತ್ತದೆ. ಕ್ರೀಮ್ ಜಗ್ಗಿನಲ್ಲಿ ಕಾಯಿಸಿದ ತುಪ್ಪವನ್ನೇ ಇಡಬಹುದು. ಬೆಳ್ಳಿ ಲೋಟದಲ್ಲಿ ಬಿಸಿ ಕಾಫಿ ಹಿಡಿದು ಬೆರಳು ಸುಟ್ಟುಕೊಂಡವರಿಗೆ ಹೇಳಬೇಕಿಲ್ಲ, ಬೆಳ್ಳಿ ಶಾಖವನ್ನು ತಕ್ಷಣ ಸಾಗಿಸುತ್ತದೆ. ಟೀಪಾಟಿನ ಹಿಡಿ ಮರದ್ದಾಗಿರುವುದು, ಬೆಳ್ಳಿ ಹಿಡಿಯಾದರೆ ನಡುವೆ ಬಿಳಿ ಬಿಲ್ಲೆ ಕೂರಿಸಿರುವುದು ಅದಕ್ಕೇ.

ಉಪ್ಪಿನಕಾಯಿ ಬೆಳ್ಳಿಗೂ ಬೇಡ, ಲೇಪಕ್ಕಂತೂ ಬೇಡವೇ ಬೇಡ. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ, ಕಪ್ಪು ಚುಕ್ಕಿ ಬಿದ್ದು ಗುಳಿಯಾಗುತ್ತದೆ. ಹಳೆಯ ಉಪ್ಪಿನ ಬಟ್ಟಲುಗಳಲ್ಲಿ ಕಡುನೀಲಿ ಗಾಜಿನ ಒಳಬಟ್ಟಲು ಇರುವುದು ಶೋಕಿಗಲ್ಲ. ಅದಿಲ್ಲದ ಬಟ್ಟಲು ಕೊಂಡರೆ ಮೊದಲು ಗಾಜಿನ ಬಟ್ಟಲು ಹುಡುಕಿ.

ಕೋಸಂಬರಿ, ಹಣ್ಣಿನ ರಸಾಯನ, ತಣ್ಣನೆಯ ಪಾಯಸ ಇವಕ್ಕೆ ಕಟ್ ಗ್ಲಾಸ್ ಬೋಗುಣಿಯನ್ನು ಮೀರಿಸಿದ್ದಿಲ್ಲ. ಬಿಸಿ ಸಾರು ಸುರಿದಿರೋ, ಫ್ರಿಜ್ಜಿನಿಂದ ತೆಗೆದು ಬಿಸಿನೀರಿಗೆ ಹಿಡಿದಿರೋ, ಸೀಳಿಹೋಗುತ್ತದೆ. ದಪ್ಪ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಇನ್ನು ಸೀಸದ ಪ್ರಶ್ನೆ. ಬಡಿಸಿ, ಊಟ ಮುಗಿಸಿ, ತೊಳೆದಿಡುವಷ್ಟು ಹೊತ್ತಿಗೆ ಇಳಿಯುವ ಸೀಸ ಅತ್ಯಲ್ಪ. ಕೂಡಿಡುವುದು ಬೇರೆ ಮಾತು: ಸೀಸದ ಡಿಕ್ಯಾಂಟರಿನಲ್ಲಿ ತಿಂಗಳುಗಟ್ಟಲೆ ಇಟ್ಟ ವೈನಿನಲ್ಲಿ ಸೀಸದ ಪ್ರಮಾಣ ವಿಪರೀತ ಏರುವುದನ್ನು ಅಮೆರಿಕದ ಸಂಶೋಧಕರು 1991ರಲ್ಲಿ ಪ್ರಕಟಿಸಿದರು. ಹುಳಿ ಇದ್ದಷ್ಟೂ ಹೆಚ್ಚು ಇಳಿಯುತ್ತದೆ. ನಿಂಬೆ ಪಾನಕ ಮಾಡಿ ಅದರಲ್ಲೇ ರಾತ್ರಿಯಿಡೀ ಇಡಬೇಡಿ, ಉಪ್ಪಿನಕಾಯಿ ತುಂಬಿಡುವ ಯೋಚನೆಯೇ ಬೇಡ. ಮಕ್ಕಳಿಗೆ, ಬಸುರಿಯರಿಗೆ ದಿನಬಳಕೆಯ ಲೋಟವಾಗಿ ಕೊಡಬೇಡಿ.

ಎರಡೂ ಕೂಡಿದ್ದು

ಬೆಳ್ಳಿ ಕಂಠದ ಕಟ್ ಗ್ಲಾಸ್ ಜಗ್ಗು, ಬೆಳ್ಳಿ ಮುಚ್ಚಳದ ಸಕ್ಕರೆ ಡಬ್ಬಿ, ಬೆಳ್ಳಿ ಅಂಚು ಕಟ್ಟಿದ ಬೋಗುಣಿ ಇವು ನನ್ನ ಮಟ್ಟಿಗೆ ಅತಿ ಒಳ್ಳೆಯ ವ್ಯವಹಾರ. ಗಾಜಿಗಿಲ್ಲದ ಜನನ ಪತ್ರವನ್ನು ಬೆಳ್ಳಿ ಕಂಠ ಒದಗಿಸುತ್ತದೆ: ಅಲ್ಲಿನ ಅಕ್ಷರ ನೋಡಿ ವರ್ಷ ಹೇಳಬಹುದು. ಕಂಠ ಆಮೇಲೆ ಕೂರಿಸಿದ್ದಾಗಿರಬಾರದು ಅಷ್ಟೇ. ಗಾಜಿಗೂ ಬೆಳ್ಳಿಗೂ ನಡುವೆ ಸಂದು ಒಂದೇ ಅಳತೆಯಲ್ಲಿ ಸುತ್ತಲೂ ಬಂದಿದೆಯೇ, ಒಳಗೆ ಇಣುಕಿದರೆ ಹೊಸ ಅಂಟು ಕಾಣುತ್ತಿದೆಯೇ ನೋಡಿ. ಹಳೆಯದನ್ನು ಪ್ಲಾಸ್ಟರಿನಿಂದ ಕೂರಿಸಿರುವುದು ಸಾಮಾನ್ಯ, ನೀರಿನಲ್ಲಿ ಮುಳುಗಿಸಿಟ್ಟರೆ ಕಳಚಿಕೊಳ್ಳುತ್ತದೆ.

ಕೊಂಡ ಮೇಲೆ

ಅಸಲಿ ಬೆಳ್ಳಿಯನ್ನು ಬಳಸಿದಷ್ಟೂ ಕಪ್ಪಾಗುವುದು ಕಡಿಮೆ. ಸೋಪು, ಬೆಚ್ಚನೆ ನೀರು, ಮೆತ್ತನೆ ಬಟ್ಟೆ ಸಾಕು. ದೇವರ ಸಾಮಾನಿಗೆ ಹಚ್ಚಿದಂತೆ ವಿಭೂತಿಯನ್ನೋ ಹಲ್ಲುಪುಡಿಯನ್ನೋ ಲೇಪದ ಸಾಮಾನಿಗೆ ಹಚ್ಚಿ ತಿಕ್ಕಬೇಡಿ. ಗಟ್ಟಿ ಬೆಳ್ಳಿ ಚೊಂಬು ಅದನ್ನು ತಡೆದುಕೊಳ್ಳುತ್ತದೆ, ಕೂದಲಿಗಿಂತ ತೆಳುವಾದ ಲೇಪ ತಡೆದುಕೊಳ್ಳುವುದಿಲ್ಲ. ಅಂಗಡಿಗೆ ಪಾಲಿಶಿಗೆ ಕೊಡುವುದಂತೂ ಇನ್ನೂ ಅಪಾಯ. ಯಂತ್ರದ ಚಕ್ರಕ್ಕೆ ಹಿಡಿದು ಹೊಸದರಂತೆ ಮಾಡಿಕೊಡುತ್ತಾರೆ, ಜೊತೆಗೆ 1820ರ ಹಾಲ್‌ಮಾರ್ಕನ್ನೂ ಒರೆಸಿ ಕೊಡುತ್ತಾರೆ. ನಮ್ಮೂರಿನ ಬೆಳ್ಳಿ ಅಂಗಡಿಗೆ ಮಾರಲು ಒಯ್ದರೂ ಅಷ್ಟೇ; ಅವರು ಒರೆ ಹಚ್ಚಿ, ಶುದ್ಧ ಬೆಳ್ಳಿಯ ಲೆಕ್ಕದಲ್ಲಿ ಕಡಿತ ಹಿಡಿದು, ತೂಕಕ್ಕೆ ಕೊಡುತ್ತಾರೆ. ಮಾಡಿದವನ ಹೆಸರಿಗೆ ಅಲ್ಲಿ ಕಾಸಿಲ್ಲ. ರಬ್ಬರ್ ಬ್ಯಾಂಡು ಸುತ್ತಿಡಬೇಡಿ, ಗಂಧಕ ತಗಲಿ ಅಚ್ಚೊತ್ತಿದ ಕಪ್ಪು ಗೆರೆ ಬೀಳುತ್ತದೆ.

ಕಾಯಿದೆಯ ವಿಷಯ ಎರಡು ಮಾತು. ಬ್ರಿಟನ್ನಿನಲ್ಲಿ 7.78 ಗ್ರಾಂ ಮೀರಿದ ಸಾಮಾನನ್ನು ಬೆಳ್ಳಿ ಎಂದು ಹೇಳಿ ಮಾರಲು ಸಾಮಾನ್ಯವಾಗಿ ಹಾಲ್‌ಮಾರ್ಕ್ ಇರಲೇಬೇಕು. ಮುದ್ರೆ ಇಲ್ಲದ್ದನ್ನು 'ಬೆಳ್ಳಿಯೇ ಸಾರ್' ಎನ್ನುವವನಿಗೆ ರಶೀದಿಯಲ್ಲಿ ಹಾಗೆ ಬರೆದುಕೊಡಿ ಅನ್ನಿ, ಉತ್ತರ ಅಲ್ಲೇ ಗೊತ್ತಾಗುತ್ತದೆ. ಟೀಪಾಟಿನ ಹಿಡಿಯಲ್ಲಿರುವ ಆ ಬಿಳಿ ಬಿಲ್ಲೆ ಬಹಳ ಸಲ ಆನೆದಂತ. 2022ರಿಂದ ಬ್ರಿಟನ್ನಿನಲ್ಲಿ ದಂತವಿರುವ ಸಾಮಾನು ಮಾರುವುದು ನಿಷಿದ್ಧ. 1947ಕ್ಕೆ ಮುಂಚಿನದಾಗಿ, ದಂತ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ನೋಂದಣಿ ಮಾಡಿಸಿ ಮಾರಬಹುದು. ಭಾರತದಲ್ಲಿ ದಂತದ ವ್ಯಾಪಾರಕ್ಕೇ ಅವಕಾಶವಿಲ್ಲ, ಊರಿಗೆ ಒಯ್ಯುವ ಯೋಚನೆ ಇದ್ದರೆ ಮರದ ಹಿಡಿಯದ್ದನ್ನೇ ಆರಿಸಿ. ಊರಿನಿಂದ ಹೊರಗೆ ತರುವವರಿಗೆ ಬೇರೆ ತೊಡಕು: 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ಕೈಕೆಲಸದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಒಯ್ಯುವಂತಿಲ್ಲ. ಮುತ್ತಜ್ಜಿಯ ಬೆಳ್ಳಿ ತಟ್ಟೆ ಅಷ್ಟು ಹಳೆಯದಲ್ಲ ಅನ್ನುವುದಾದರೆ ಪುರಾತತ್ವ ಇಲಾಖೆಯಿಂದ ಪುರಾವಸ್ತುವಲ್ಲವೆಂಬ ಪ್ರಮಾಣಪತ್ರ ಮಾಡಿಸಿಕೊಂಡು ಹೊರಡಿ.

ಸಾಗಿಸುವಾಗ ಡಿಕ್ಯಾಂಟರಿನ ಮುಚ್ಚಳವನ್ನು ತೆಗೆದು ಬೇರೆಯಾಗಿ ಸುತ್ತಿ. ಕಂಠದಲ್ಲೇ ಬಿಟ್ಟರೆ ಅಲುಗಾಡಿ ಬಾಯನ್ನೇ ಒಡೆಯುತ್ತದೆ. ಬೆಳ್ಳಿಗೆ ಸುದ್ದಿಪತ್ರಿಕೆ ಸುತ್ತದೆ ಹಳೆಯ ಹತ್ತಿ ಪಂಚೆಯ ತುಂಡು ಸುತ್ತಿ. ಚಾಕು, ಫೋರ್ಕು ಚೆಕ್-ಇನ್ ಪೆಟ್ಟಿಗೆಗೆ, ಗಾಜು ಕೈಚೀಲಕ್ಕೆ.